ಹರ್ಕ್ಯುಲೇನಿಯಂ ಸುರುಳಿ: 65 ಪದರ ತೆಗೆದರೂ ಅರ್ಧ ತುಂಡಿನಲ್ಲಿ ಮಸಿ ಯಾಕೆ ಕಾಣುತ್ತಿಲ್ಲ?

ಅಂಚುಗೆರೆ:
ನಮಸ್ಕಾರ. ಎರಡು ಪ್ರಶ್ನೆ. ಇಸ್ರೇಲ್‌ನ ಎನ್-ಗೆದಿ ಸುರುಳಿಯನ್ನು ಬಿಚ್ಚದೆ ಓದಿದ್ದು 2016ರಲ್ಲೇ ಪ್ರಕಟವಾಯಿತು, ಅದಕ್ಕೆ ಮೈಕ್ರೋ ಸಿಟಿ ಸ್ಕ್ಯಾನ್ (ಎಕ್ಸ್‌ರೇಯಿಂದ ಒಳಗನ್ನು ಮೂರು ಆಯಾಮದಲ್ಲಿ ತೋರಿಸುವ ಸ್ಕ್ಯಾನ್) ಸಾಕಾಯಿತು. ಇಟಲಿಯ ಹರ್ಕ್ಯುಲೇನಿಯಂ ಸುರುಳಿಗಳಿಗೆ ಮಷೀನ್ ಲರ್ನಿಂಗ್ ಯಾಕೆ ಬೇಕಾಯಿತು?

ಎರಡನೆಯದು: ಈ ಸುರುಳಿಗಳನ್ನು ಬಿಚ್ಚದೆ ಓದುವ ಸ್ಪರ್ಧೆಯಾದ ವೆಸುವಿಯಸ್ ಚಾಲೆಂಜ್‌ನವರ 1ನೇ ಸುರುಳಿಯ 7.91 ಮೈಕ್ರಾನ್ ಸ್ಕ್ಯಾನ್‌ನಿಂದ ಒಂದು ತುಂಡಿಗೆ ಮೆಶ್ (ಹಾಳೆಯ ಮೇಲ್ಮೈಯನ್ನು ಹಿಂಬಾಲಿಸುವ ಬಲೆ) ಎಳೆದು, ಅದರ ಸುತ್ತಿನ 65 ಪದರ ತೆಗೆದು ಮಸಿ ಹುಡುಕುವ ಮಾಡೆಲ್‌ಗೆ ಕೊಟ್ಟರೆ ಎಡಭಾಗದಲ್ಲಿ ಅಕ್ಷರದಂಥ ಗೆರೆಗಳು ಬರುತ್ತವೆ. ಒಂದು ಓರೆಗೆರೆ ದಾಟಿದರೆ ಬರೀ ಮಸುಕು. ವ್ಯಾಲಿಡೇಶನ್ ಸ್ಕೋರ್ (ಕಲಿಸಲು ಬಳಸದ ಭಾಗದ ಮೇಲಿನ ಅಂಕ) ಚೆನ್ನಾಗಿಯೇ ಇದೆ. ಟ್ರೇನಿಂಗ್ ಹೆಚ್ಚಿಸಬೇಕೋ, ಮಾಡೆಲ್ಲನ್ನೇ ಬದಲಿಸಬೇಕೋ?

ಕಾಡಿಗೆಮಸಿ:
ಮೊದಲನೆಯದಕ್ಕೆ ಉತ್ತರ ಸಣ್ಣದು. ಎಕ್ಸ್‌ರೇ ನೋಡುವುದು ಸಾಂದ್ರತೆಯ ವ್ಯತ್ಯಾಸವನ್ನು. ಎನ್-ಗೆದಿಯದು ಚರ್ಮದ ಹಾಳೆ, ಅದರ ಮಸಿ ಚರ್ಮಕ್ಕಿಂತ ಸಾಂದ್ರ. ಹಾಗಾಗಿ ಸ್ಕ್ಯಾನ್‌ನಲ್ಲೇ ಬೆಳ್ಳಗೆ ಎದ್ದು ಕಂಡಿತು. ಹರ್ಕ್ಯುಲೇನಿಯಂನದು ಕ್ರಿ.ಶ. 79ರ ಜ್ವಾಲಾಮುಖಿಯಲ್ಲಿ ಇದ್ದಿಲಾದ ಪಪೈರಸ್. ಅದರ ಮೇಲಿನ ಮಸಿಯೂ ಹೆಚ್ಚಿನಂಶ ಇಂಗಾಲವೇ. ಇಂಗಾಲದ ಮೇಲೆ ಇಂಗಾಲ ಬರೆದರೆ ಸಾಂದ್ರತೆ ಏನು ಹೇಳೀತು?

ಉಳಿಯುವುದು ಮೇಲ್ಮೈಯ ರಚನೆ. ಮಸಿ ನಾರಿನ ಮೇಲೆ ತೆಳುವಾಗಿ ಕುಳಿತು ಒಣಗಿರುತ್ತದೆ, ಕೆಲವೆಡೆ ನೀರು ಬತ್ತಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿರುತ್ತದೆ. 2023ರಲ್ಲಿ ಕೇಸಿ ಹ್ಯಾಂಡ್‌ಮರ್ ಸ್ಕ್ಯಾನ್ ಚಿತ್ರಗಳಲ್ಲಿ ಈ ಬಿರುಕನ್ನು ಬರಿಗಣ್ಣಲ್ಲೇ ಗುರುತಿಸಿದರು. ಅದನ್ನು ಲೇಬಲ್ ಮಾಡಿ ಮಾಡೆಲ್ ಕಲಿಸಿದ ಲ್ಯೂಕ್ ಫ್ಯಾರಿಟರ್‌ಗೆ ಅದೇ ವರ್ಷ 'ಪೊರ್ಫ್ಯುರಾಸ್' ಎಂಬ ಗ್ರೀಕ್ ಪದ ಸಿಕ್ಕಿತು. ನೇರಳೆ ಬಣ್ಣ ಅಂತ ಅರ್ಥ. ಎಲ್ಲ ಸುರುಳಿಯೂ ಒಂದೇ ಥರ ಅಲ್ಲ ಅನ್ನಿ: ಆಕ್ಸ್‌ಫರ್ಡ್‌ನ ಬಾಡ್ಲಿಯನ್‌ನಲ್ಲಿರುವ 172ನೇ ಸುರುಳಿಯಲ್ಲಿ ಮಸಿ ಇದಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ.

ನಾರುನೋಟ:
ಮಾಡೆಲ್ ಮುಟ್ಟಬೇಡಿ. ಓರೆಗೆರೆಯಾಚೆ ಮಸುಕು ಅಂದರೆ ನೂರಕ್ಕೆ ತೊಂಬತ್ತು ಪಾಲು ಮೆಶ್ ಹಾಳೆ ಬಿಟ್ಟು ಪಕ್ಕದ ಸುತ್ತಿಗೆ ಹಾರಿದೆ. ಸುರುಳಿ ಅಪ್ಪಚ್ಚಿಯಾದ ಕಡೆ ಎರಡು ಸುತ್ತುಗಳ ನಡುವೆ ಸಂದೇ ಇರುವುದಿಲ್ಲ. ಮೆಶ್ ಎಳೆಯುವ ತಂತ್ರಾಂಶ ವಾಲ್ಯೂಮ್ ಕಾರ್ಟೋಗ್ರಾಫರ್‌ನಲ್ಲಿ ಒಂದು ಸ್ಲೈಸ್ (ಸ್ಕ್ಯಾನ್‌ನ ಅಡ್ಡಕೊಯ್ತ) ಮೇಲೆ ಎಳೆದ ಗೆರೆಯನ್ನು ಮುಂದಿನ ಸ್ಲೈಸ್‌ಗಳಿಗೆ ಹಬ್ಬಿಸುವಾಗ, ಅಂಟಿಕೊಂಡ ಜಾಗದಲ್ಲಿ ಅದು ಹೆಚ್ಚು ಬೆಳ್ಳಗಿರುವ ಹಾಳೆಯ ಕಡೆ ಜಾರಿಬಿಡುತ್ತದೆ.

ಪರೀಕ್ಷೆ ಸುಲಭ. ನಡುವಿನ 32ನೇ ಪದರವನ್ನು (ಎಣಿಕೆ 0ಯಿಂದ) ಮಾತ್ರ ತೆರೆದು ನಾರು ನೋಡಿ. ಪಪೈರಸ್ ಹಾಳೆಗೆ ಎರಡು ಪದರದ ನಾರು, ಒಂದು ಅಡ್ಡ, ಒಂದು ಉದ್ದ. ಬರಹ ಇರುವುದು ಸುರುಳಿಯ ಒಳಮೈಯಲ್ಲಿ, ಅಡ್ಡನಾರಿನ ಮೇಲೆ.

- ಅಡ್ಡನಾರುಗಳು ಒಂದು ಗೆರೆಗೆ ಬಂದು ಕತ್ತರಿಸಿದಂತೆ ನಿಂತು, ಆಚೆ ಬೇರೆ ಎತ್ತರದಲ್ಲಿ ಶುರುವಾದರೆ ಹಾಳೆ ಹಾರಿದೆ.
- ಅಡ್ಡನಾರು ಮೆಲ್ಲಗೆ ಮಾಯವಾಗಿ ಉದ್ದನಾರು ಕಂಡರೆ ಹಾಳೆ ಅದೇ, ಆಳ ತಪ್ಪಿದೆ. ಮೆಶ್ಶನ್ನು ಕೆಲವು ವಾಕ್ಸೆಲ್ (ಮೂರು ಆಯಾಮದ ಪಿಕ್ಸೆಲ್) ಒಳಮೈ ಕಡೆ ಸರಿಸಿದರೆ ಸಾಕು.

ಹಾಳೆ ಹಾರಿದ್ದರೆ ಆ ಗೆರೆಗಿಂತ ಒಂದಷ್ಟು ಸ್ಲೈಸ್ ಹಿಂದಕ್ಕೆ ಹೋಗಿ, ಗೆರೆಯನ್ನು ಕೈಯಲ್ಲೇ ಸರಿಯಾದ ಹಾಳೆಗೆ ಕೂರಿಸಿ, ಅಲ್ಲಿಂದ ಸ್ವಲ್ಪಸ್ವಲ್ಪವೇ ಹಬ್ಬಿಸಿ, ಪ್ರತಿ ಸಲ ನೋಡಿ. ಬೇಜಾರಿನ ಕೆಲಸ, ಆದರೆ ನಿಜವಾದ ಓದು ನಡೆಯುವುದೇ ಇಲ್ಲಿ. ಮಸಿ ಪತ್ತೆಗೆ ಸಿಗುವ ಹೊಗಳಿಕೆಯಲ್ಲಿ ಅರ್ಧವಾದರೂ ಮೆಶ್ ಎಳೆಯುವವರಿಗೆ ಸಲ್ಲಬೇಕು.

ಇನ್ನೊಂದು, 65 ಪದರ ಅಂದರೆ 65 × 7.91 ಮೈಕ್ರಾನ್, ಸುಮಾರು 0.51 ಮಿ.ಮೀ. ಅಷ್ಟರೊಳಗೆ ಪಕ್ಕದ ಹಾಳೆಯೂ ಬಂದುಬಿಡಬಹುದು. ನಡುವಿನ 20ರಿಂದ 30 ಪದರ ಮಾತ್ರ ಕೊಡಿ.

ಅಂಚುಗೆರೆ:
ನೋಡಿದೆ. ನಾರು ಓರೆಗೆರೆಯಲ್ಲೇ ತುಂಡಾಗಿದೆ. ಆದರೆ ಎಡಭಾಗದ ಅಕ್ಷರಗಳೂ ಕನ್ನಡಿಯಲ್ಲಿ ನೋಡಿದ ಹಾಗಿವೆಯಲ್ಲ?

ನಾರುನೋಟ:
ಮೆಶ್‌ನ ನಾರ್ಮಲ್, ಅಂದರೆ ಅದು ಮುಖ ಮಾಡಿರುವ ದಿಕ್ಕು, ಉಲ್ಟಾ ಆಗಿದೆ. ಚಿತ್ರವನ್ನು ಮಗುಚಿದರೆ ಸಾಲದು, ಪದರಗಳ ಕ್ರಮವೂ ತಿರುಗಬೇಕು: 64ರಿಂದ 0. ಮಾಡೆಲ್ ಕಲಿತಿರುವುದು ಮಸಿ ಹಾಳೆಯ ಯಾವ ಬದಿಗಿದೆ ಎನ್ನುವುದನ್ನೂ ಸೇರಿಸಿ.

ಹೊರಗಿಟ್ಟತುಂಡು:
ವ್ಯಾಲಿಡೇಶನ್ ಸ್ಕೋರ್ ನಂಬುವ ಮೊದಲು ಅದನ್ನು ಹೇಗೆ ವಿಂಗಡಿಸಿದ್ದೀರಿ ನೋಡಿ. ಒಂದರ ಮೇಲೊಂದು ಹಾಯುವ ಟೈಲ್‌ಗಳನ್ನು (ಚಿತ್ರದ ಚಿಕ್ಕ ಚೌಕಗಳನ್ನು) ಬೆರಕೆ ಮಾಡಿ ಹಂಚಿದ್ದರೆ, ಟ್ರೇನಿಂಗ್‌ನಲ್ಲಿ ಕಂಡ ಪಿಕ್ಸೆಲ್ಲೇ ಪರೀಕ್ಷೆಯಲ್ಲೂ ಬರುತ್ತದೆ. ಸ್ಕೋರ್ ಚೆನ್ನಾಗಿಲ್ಲದೆ ಇನ್ನೇನು? ಒಂದಿಡೀ ಪ್ರದೇಶವನ್ನು ಹೊರಗಿಡಿ, ಸಾಧ್ಯವಾದರೆ ಇಡೀ ಒಂದು ಸೆಗ್ಮೆಂಟನ್ನೇ (ಮೆಶ್ ಎಳೆದ ತುಂಡನ್ನೇ).

ಮಾಡೆಲ್ ಒಮ್ಮೆಗೆ ನೋಡುವ ಕಿಟಕಿಯ ಗಾತ್ರ 64×64 ಪಿಕ್ಸೆಲ್ ಇರಲಿ. ಈ ಸ್ಕ್ಯಾನ್‌ನಲ್ಲಿ ಅದು ಅರ್ಧ ಮಿ.ಮೀ. ಅಕ್ಷರ ಅದಕ್ಕಿಂತ ದೊಡ್ಡದು. ಮಾಡೆಲ್‌ಗೆ ಪೂರ್ತಿ ಅಕ್ಷರ ಒಮ್ಮೆಗೆ ಕಾಣದಿದ್ದರೆ ಇಲ್ಲದ ಅಕ್ಷರವನ್ನು ಕಟ್ಟಿಕೊಡಲೂ ಬಾರದು. ಕಿಟಕಿ ದೊಡ್ಡದು ಮಾಡಿದರೆ ಚಿತ್ರ ಸುಂದರವಾಗುತ್ತದೆ, ನಂಬಿಕೆ ಕಡಿಮೆಯಾಗುತ್ತದೆ. 2024ರ ಫೆಬ್ರವರಿಯಲ್ಲಿ 7 ಲಕ್ಷ ಡಾಲರ್ ಬಹುಮಾನ ಗೆದ್ದ ನಾದರ್, ಫ್ಯಾರಿಟರ್, ಶಿಲ್ಲಿಗರ್ ತಂಡವೂ ಸಣ್ಣ ಕಿಟಕಿಯನ್ನೇ ಬಳಸಿತ್ತು.

ಲೇಬಲ್ ಹಾಕುವಾಗ ಮಸಿಯಷ್ಟೇ ಮುಖ್ಯವಾಗಿ 'ಮಸಿ ಇಲ್ಲ' ಎನ್ನುವ ಜಾಗವನ್ನೂ ಗುರುತಿಸಿ. ಎರಡರ ನಡುವಿನ ಅನುಮಾನದ ಅಂಚನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಬಿಡಿಬಿಡಿಯಾಗಿ ಕಳಚಿಬಂದ ಚೂರುಗಳಿಗೆ ಇನ್‌ಫ್ರಾರೆಡ್ ಫೋಟೋ ಇದೆ, ಲೇಬಲ್‌ಗೆ ಅದೇ ಆಧಾರ. ಆದರೆ ಚೂರಿನ ಮೇಲೆ ಕಲಿತ ಮಾಡೆಲ್ ಸುರುಳಿಯೊಳಗೆ ಎಡವುತ್ತದೆ. ಮೊದಲ ಸುತ್ತಿನಲ್ಲಿ ಸಿಕ್ಕ ಗಟ್ಟಿ ಗೆರೆಗಳನ್ನಷ್ಟೇ ಲೇಬಲ್ ಮಾಡಿ ಮತ್ತೆ ಕಲಿಸಿ. 'ಇಲ್ಲಿ ಈ ಅಕ್ಷರ ಇರಲೇಬೇಕು' ಅಂತ ಊಹಿಸಿ ಬಣ್ಣ ತುಂಬಿದರೆ ಮಾಡೆಲ್ ನಿಮ್ಮ ಊಹೆಯನ್ನೇ ನಿಮಗೆ ವಾಪಸ್ ಕೊಡುತ್ತದೆ.

ಕಾಡಿಗೆಮಸಿ:
ಗೆರೆ ಬಂದ ಮೇಲೆ ಗ್ರೀಕ್ ಬಲ್ಲವರಿಗೆ ತೋರಿಸಿ, ನಿಮ್ಮ ಓದನ್ನು ಮೊದಲೇ ಹೇಳಬೇಡಿ. ಇಬ್ಬರು ಬೇರೆಬೇರೆ ಓದಿ ಒಂದೇ ಹೇಳಿದರೆ ಮಾತ್ರ ಬೆಲೆ. ಆಲ್ಫಾ, ಡೆಲ್ಟಾ, ಲಾಂಬ್ಡಾ ಮೂರಕ್ಕೂ ಎರಡು ಓರೆಗೆರೆ ಸಮಾನ. ಅಡ್ಡಗೆರೆ ಅಳಿಸಿದ್ದರೆ ಯಾವುದೂ ಆಗಬಹುದು. ಪದಗಳ ನಡುವೆ ಜಾಗವನ್ನೂ ಬಿಟ್ಟಿರುವುದಿಲ್ಲ. ಅನುಮಾನದ ಅಕ್ಷರದ ಕೆಳಗೆ ಚುಕ್ಕಿ, ಪೂರ್ತಿ ಹೋದದ್ದಕ್ಕೆ ಚೌಕ ಆವರಣ. ಪಪೈರಸ್ ವಿದ್ವಾಂಸರು ಪಾಲಿಸುವ ಕ್ರಮ ಇದು, ಪೋಸ್ಟ್ ಮಾಡುವಾಗ ನೀವೂ ಹಾಗೇ ಬರೆಯಿರಿ.