ಪದಚರ್ಚೆ: ಹಾಫ್‌ಮನ್ ಗೂಡಿನ ‘ಚೇಂಬರ್’ಗೆ ಅಂಕಣ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಹಳೆಯ ಇಟ್ಟಿಗೆ ಕಾರ್ಖಾನೆಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಇಟ್ಟಿಗೆ ಸುಡುವ ಕಿಲ್ನ್‌ಗೆ ಕನ್ನಡದಲ್ಲಿ ‘ಗೂಡು’ ಇದೆ, ಉತ್ತರ ಕರ್ನಾಟಕದ ಕಡೆ ‘ಭಟ್ಟಿ’ ಇದೆ, ಅಲ್ಲಿ ತಕರಾರಿಲ್ಲ. ತೊಡಕಿರುವುದು ಜರ್ಮನಿಯ ಫ್ರೆಡ್ರಿಕ್ ಹಾಫ್‌ಮನ್ 1858ರಲ್ಲಿ ಪೇಟೆಂಟ್ ಪಡೆದ ಗೂಡಿಗೂ ಅದರ ಭಾಗಗಳಿಗೂ ಕನ್ನಡದ ಮಾತು ಹುಡುಕುವುದರಲ್ಲಿ.

ನಮ್ಮೂರ ಗೂಡು ಗೊತ್ತಲ್ಲ. ಹಸಿ ಇಟ್ಟಿಗೆ ಪೇರಿಸಿ, ಸುತ್ತ ಮಣ್ಣು ಮೆತ್ತಿ, ಅಡಿಯ ಕಂಡಿಗಳಲ್ಲಿ ಸೌದೆ ತುಂಬಿ ಬೆಂಕಿ ಹಚ್ಚುತ್ತಾರೆ. ಬೆಂದು ಆರಿದ ಮೇಲೆ ಬಿಚ್ಚುತ್ತಾರೆ. ಶಾಖವೆಲ್ಲ ಗಾಳಿಪಾಲು. ಹಾಫ್‌ಮನ್ ಗೂಡಿನಲ್ಲಿ ಬೆಂಕಿ ಆರಿಸುವ ಮಾತೇ ಇಲ್ಲ. ಅದು ಸುತ್ತಿ ಬಂದು ಕೂಡಿಕೊಳ್ಳುವ ಕಮಾನಿನ ಸುರಂಗ. ಮೊದಲು ದುಂಡಗೆ ಕಟ್ಟುತ್ತಿದ್ದರು, ಆಮೇಲೆ ಉದ್ದಕ್ಕೆ. ಇಟ್ಟಿಗೆ ಇಟ್ಟಲ್ಲೇ ಇರುತ್ತದೆ, ಬೆಂಕಿ ಮುಂದೆ ಸಾಗುತ್ತದೆ. ಆಳುಗಳು ಸುರಂಗದ ಮೇಲೆ ನಿಂತು ಸಣ್ಣ ತೂತುಗಳಿಂದ ಕಲ್ಲಿದ್ದಲ ಪುಡಿ ಸುರಿಯುತ್ತಾರೆ. ಹಿಂದೆ ಬೆಂದ ಇಟ್ಟಿಗೆಗಳ ನಡುವೆ ನುಗ್ಗುವ ಗಾಳಿ ಅವನ್ನು ತಣಿಸುತ್ತಾ ತಾನು ಬಿಸಿಯಾಗುತ್ತದೆ. ಬೆಂಕಿ ದಾಟಿದ ಬಿಸಿ ಹೊಗೆ ಮುಂದಿನ ಹಸಿ ಇಟ್ಟಿಗೆಗಳನ್ನು ಕಾಯಿಸಿ ಚಿಮಣಿ ಸೇರುತ್ತದೆ.

ಇದನ್ನು ‘ತಿರುಗುವ ಗೂಡು’ ಅಂದರೆ ಗೂಡೇ ಗಾಣದ ಹಾಗೆ ತಿರುಗುತ್ತೆ ಅಂದುಕೊಂಡಾರು. ಸದ್ಯಕ್ಕೆ ‘ಸುತ್ತುಬೆಂಕಿ ಗೂಡು’ ಅಂತ ಇಟ್ಟುಕೊಂಡಿದ್ದೇನೆ. ‘ಸುರಂಗಗೂಡು’ ಬೇಡ. ಟ್ರಾಲಿ ಮೇಲೆ ಇಟ್ಟಿಗೆ ಸಾಗುವ, ಬೆಂಕಿ ಒಂದೇ ಕಡೆ ಇರುವ ಟನಲ್ ಕಿಲ್ನ್‌ಗೆ ಆ ಮಾತು ಬೇಕು.

ಇನ್ನು ಚೇಂಬರ್. ಒಂದು ಗೂಡಿಗೆ 12, 16 ಚೇಂಬರ್ ಹೀಗೆ ಎಣಿಸುತ್ತಾರೆ. ‘ಕೋಣೆ’ ಅನ್ನೋಣ ಅಂದರೆ ಅದಕ್ಕೆ ಗೋಡೆ ಬೇಕಲ್ವಾ? ಎಷ್ಟೋ ಗೂಡುಗಳಲ್ಲಿ ನಡುಗೋಡೆಯೇ ಇಲ್ಲ. ಸುರಂಗದಲ್ಲಿ ಒಂದೊಂದು ಬಾಗಿಲಿಗೆ ಸೇರಿದ ಜಾಗವೇ ಒಂದೊಂದು ಚೇಂಬರ್. ತುಂಬಿದ ಮೇಲೆ ಪೇರಿಸಿದ ಇಟ್ಟಿಗೆಯ ಮುಖಕ್ಕೆ ದೊಡ್ಡ ಕಾಗದದ ಹಾಳೆ ಅಂಟಿಸುತ್ತಾರೆ. ಹೊರಬಾಗಿಲಿಗೆ ಇಟ್ಟಿಗೆ ಇಟ್ಟು ಮಣ್ಣು ಮೆತ್ತುತ್ತಾರೆ. ಗಾಳಿ ಅಡ್ಡದಾರಿ ಹಿಡಿಯದಂತೆ ತಡೆಯುವುದು ಬರೀ ಆ ಕಾಗದ! ಬೆಂಕಿ ಹತ್ತಿರ ಬಂದಾಗ ಅದು ತಾನೇ ಉರಿದುಹೋಗುತ್ತದೆ, ಮುಂದಿನ ದಾರಿ ತೆರೆಯುತ್ತದೆ.

ಹಾಗಾಗಿ ನನಗೆ ‘ಅಂಕಣ’ ಸರಿ ಕಾಣುತ್ತೆ. ಹಳೆ ಮನೆ, ಗುಡಿಗಳಲ್ಲಿ ಕಂಬದಿಂದ ಕಂಬಕ್ಕಿರುವ ಜಾಗಕ್ಕೆ ಅಂಕಣ ಅನ್ನುತ್ತೇವೆ. ಮೂರಂಕಣದ ಮನೆ ಅಂದರೆ ನಡುವೆ ಗೋಡೆ ಇರಲೇಬೇಕು ಅಂತಿಲ್ಲ. ‘16 ಅಂಕಣದ ಗೂಡು’ ಕಿವಿಗೂ ಹಿತ. ಪತ್ರಿಕೆಯ ಅಂಕಣ ನೆನಪಾಗುತ್ತೆ ಅಂತ ಯಾರಾದರೂ ಗೊಣಗಬಹುದು. ಗೊಣಗಲಿ ಬಿಡಿ, ಗೂಡಿನೊಳಗೆ ಯಾರೂ ಪತ್ರಿಕೆ ಹುಡುಕಲ್ಲ.

ಆ ಕಾಗದಕ್ಕೆ ‘ತೆರೆ’ ಸಾಕೇ? ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲೇ ಹಂಚಿನ ಕಾರ್ಖಾನೆ ತೆರೆದಿತ್ತು. ಆ ಸೀಮೆಯ ಹಂಚಿನ ಕಾರ್ಖಾನೆಗಳಲ್ಲಿ ಗೂಡು ತುಂಬಿದವರು, ಬೆಂಕಿ ನೋಡಿಕೊಂಡವರು ನಿಮ್ಮ ಮನೆಯಲ್ಲಿದ್ದರೆ ಅವರು ಏನನ್ನುತ್ತಿದ್ದರು ಅಂತ ಕೇಳಿ ಬರೆಯಿರಿ. ತುಳು ಮಾತಾದರೂ ಸರಿಯೇ.