‘ಸತು ಆಮ್ಲದಲ್ಲಿ ಕರಗಿತು’: ಇಲ್ಲಿ ‘ಕರಗು’ ಸರಿಯೇ?

ಗೆಳೆಯರೇ, ಹತ್ತನೇ ತರಗತಿಯ ಮಕ್ಕಳಿಗೆ ಆಮ್ಲಗಳ ಬಗ್ಗೆ ಒಂದು ಪಾಠ ಬರೆಯುತ್ತಿದ್ದೇನೆ. ಒಂದು ಕ್ರಿಯಾಪದದ ಹತ್ತಿರ ಬಂದು ನಿಂತಿದ್ದೇನೆ. ನಿಮ್ಮ ನೆರವು ಬೇಕು.

ಸಕ್ಕರೆ ನೀರಿನಲ್ಲಿ ಕರಗುತ್ತದೆ. ನೀರು ಆರಿಸಿದರೆ ಸಕ್ಕರೆ ಮತ್ತೆ ಸಿಗುತ್ತದೆ. ಸತುವಿನ ಚೂರನ್ನು ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿದರೆ ಅದರ ಮೈತುಂಬ ಗುಳ್ಳೆ ಏಳುತ್ತವೆ, ಅದು ಹೈಡ್ರೋಜನ್. ಸ್ವಲ್ಪ ಹೊತ್ತಿಗೆ ಚೂರು ಕಾಣುವುದಿಲ್ಲ. ಆದರೆ ಈ ದ್ರವವನ್ನು ಆರಿಸಿದರೆ ಸತು ಸಿಗುವುದಿಲ್ಲ, ಸತುವಿನ ಕ್ಲೋರೈಡ್ ಎಂಬ ಬಿಳಿ ಲವಣ ಸಿಗುತ್ತದೆ. ಎರಡನ್ನೂ ‘ಕರಗಿತು’ ಎಂದುಬಿಟ್ಟರೆ ಮಗು ಎರಡೂ ಒಂದೇ ಎಂದುಕೊಳ್ಳುತ್ತದೆ, ಅಲ್ವಾ?

ಪ್ರತ್ಯಾಮ್ಲದ (ಆಮ್ಲದೊಡನೆ ಸೇರಿ ಲವಣ ಮತ್ತು ನೀರು ಕೊಡುವ ವಸ್ತುವಿನ) ವಿಷಯಕ್ಕೆ ಬಂದರೆ ಗೊಂದಲ ಇನ್ನೂ ಜಾಸ್ತಿ. ತಾಮ್ರದ ಆಕ್ಸೈಡ್ ಅಂಥದೊಂದು ಕಪ್ಪು ಪುಡಿ. ಬೆಚ್ಚಗಿನ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲಕ್ಕೆ ಚಿಟಿಕೆ ಹಾಕಿ ಕಲಕಿದರೆ ಗುಳ್ಳೆ ಬರುವುದಿಲ್ಲ, ಸದ್ದೂ ಇಲ್ಲ. ಕಪ್ಪು ಮಾಯವಾಗಿ ದ್ರವ ನೀಲಿಯಾಗುತ್ತದೆ. ಹಾಗೇ ಆರಲು ಬಿಟ್ಟರೆ ನೀಲಿ ಹರಳು ಕಟ್ಟುತ್ತದೆ. ಅದೇ ನಮ್ಮ ಮೈಲುತುತ್ತ. ಇಲ್ಲಿ ನಿಜವಾಗಿ ಕರಗಿರುವುದು ಕಪ್ಪು ಪುಡಿಯಲ್ಲ, ಹೊಸದಾಗಿ ಹುಟ್ಟಿದ ಲವಣ. ಇದೇ ಪಾಠದಲ್ಲಿ ‘ನೀರಿನಲ್ಲಿ ಕರಗುವ ಪ್ರತ್ಯಾಮ್ಲವೇ ಕ್ಷಾರ’ ಎಂದು ಹೇಳಬೇಕು. ತಾಮ್ರದ ಆಕ್ಸೈಡ್ ನೀರಿನಲ್ಲಿ ಕರಗುವುದಿಲ್ಲ, ಹಾಗಾಗಿ ಅದು ಕ್ಷಾರವಲ್ಲ. ‘ಆಮ್ಲದಲ್ಲಿ ಕರಗಿತು’ ಎಂದು ಆಗಲೇ ಬರೆದಿದ್ದರೆ ಈ ವ್ಯತ್ಯಾಸ ಹೇಳುವುದು ಹೇಗೆ?

ಕಾರ್ಬೊನೇಟುಗಳ ಕತೆ ಸುಲಭ: ಆಮ್ಲ ತಾಗಿದರೆ ನೊರೆ ಏಳುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಅದನ್ನು ಸುಣ್ಣದ ತಿಳಿನೀರಿಗೆ ಹಾಯಿಸಿದರೆ ನೀರು ಹಾಲಿನಂತಾಗುತ್ತದೆ. ಆದರೂ ಕಾರ್ಬೊನೇಟೇ ಆದ ಅಮೃತಶಿಲೆಯ ಚೂರಿನ ಮೇಲೆ ಸಲ್ಫ್ಯೂರಿಕ್ ಆಮ್ಲ ಹಾಕಿ ನೋಡಿ. ಶುರುವಾದ ನೊರೆ ಬೇಗ ಇಳಿದುಹೋಗುತ್ತದೆ. ಹುಟ್ಟಿದ ಕ್ಯಾಲ್ಸಿಯಂ ಸಲ್ಫೇಟ್ ಅಷ್ಟಾಗಿ ಕರಗುವುದಿಲ್ಲ, ಚೂರಿನ ಮೇಲೆ ಪೊರೆ ಕಟ್ಟುತ್ತದೆ. ಕ್ರಿಯೆಯೇನೋ ನಡೆಯಿತು, ಕರಗುವುದು ಮಾತ್ರ ಆಗಲಿಲ್ಲ. ಇವೆರಡೂ ಬೇರೆ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಪಠ್ಯಗಳಲ್ಲಿ ‘ಆಮ್ಲವು ಲೋಹದೊಂದಿಗೆ ವರ್ತಿಸುತ್ತದೆ’ ಎಂದಿರುತ್ತದೆ. ತಪ್ಪೇನಿಲ್ಲ. ಆದರೆ ‘ವರ್ತಿಸು’ ಎಂದ ಕೂಡಲೇ ಮಕ್ಕಳಿಗೆ ನೆನಪಾಗುವುದು ನಡತೆ: ಒರಟಾಗಿ ವರ್ತಿಸಿದ, ಚೆನ್ನಾಗಿ ವರ್ತಿಸಿದಳು. ‘ಪ್ರತಿಕ್ರಿಯಿಸು’ ಎಂದರೆ ಸುದ್ದಿಗಾರರಿಗೆ ಕೊಟ್ಟ ಉತ್ತರದ ಹಾಗೆ ಕೇಳಿಸುತ್ತದೆ.

ಲೋಹಕ್ಕೆ ‘ತಿನ್ನು’ ನನಗೆ ತುಂಬ ಹಿಡಿಸಿದೆ. ತುಕ್ಕು ತಿಂದ ಕಬ್ಬಿಣ ಎನ್ನುತ್ತೇವಲ್ಲ, ಹಾಗೆಯೇ ಆಮ್ಲ ತಿಂದ ಸತು. ತಿಂದದ್ದು ಮತ್ತೆ ಹಾಗೇ ಸಿಗುವುದಿಲ್ಲ ಎಂಬ ಅರ್ಥ ಅದರೊಳಗೇ ಇದೆ. ತಾಮ್ರವನ್ನು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ತಿನ್ನುವುದಿಲ್ಲ ಎಂದೂ ಸಲೀಸಾಗಿ ಬರೆಯಬಹುದು. ಕಾರ್ಬೊನೇಟಿಗೂ ಅದು ಹೊಂದುತ್ತದೆ.

ಪ್ರತ್ಯಾಮ್ಲಕ್ಕೆ ಮಾತ್ರ ಹೊಂದುತ್ತಿಲ್ಲ. ಅಲ್ಲಿ ತಿನ್ನುವವರು ಯಾರು, ತಿನ್ನಿಸಿಕೊಳ್ಳುವವರು ಯಾರು? ಆಮ್ಲದ ಗುಣವೂ ಹೋಗುತ್ತದೆ, ಪ್ರತ್ಯಾಮ್ಲದ ಗುಣವೂ ಹೋಗುತ್ತದೆ, ಉಳಿಯುವುದು ಲವಣ ಮತ್ತು ನೀರು. ‘ತಟಸ್ಥೀಕರಣ’ ಎಂಬ ಹೆಸರು ಇದ್ದೇ ಇದೆ, ನನಗೆ ಬೇಕಾಗಿರುವುದು ಕ್ರಿಯಾಪದ. ನಂಜು ಮುರಿಯುವುದು ಎನ್ನುತ್ತೇವೆ. ಅದೇ ರೀತಿ ‘ಆಮ್ಲ, ಪ್ರತ್ಯಾಮ್ಲ ಒಂದನ್ನೊಂದು ಮುರಿಯುತ್ತವೆ’ ಎಂದು ಬರೆದರೆ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಅಥವಾ ಅಣು ಮುರಿಯಿತು ಎಂದು ಮಕ್ಕಳು ತಿಳಿಯುವ ಅಪಾಯ ಇದೆಯೇ? ತರಗತಿಯಲ್ಲಿ ಈ ಮಾತನ್ನು ಬಳಸಿ ನೋಡಿದವರಿದ್ದರೆ ದಯವಿಟ್ಟು ತಿಳಿಸಿ.