ಬ್ರಷ್ ಮೋಟಾರಿನ ಆರ್‌ಸಿ ಕಾರಿಗೆ ಯಾವ ಸ್ಪೀಡ್ ಕಂಟ್ರೋಲರ್? ಬಳಸಿದವರ ಅನುಭವ

ಪ್ರಶ್ನೆ, ವಿಜಯಪುರದಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ 1/10 ಅಳತೆಯ ಆರ್‌ಸಿ (ರೇಡಿಯೋ ಕಂಟ್ರೋಲ್) ಬಗ್ಗಿ ಕಾರಿನ ಸ್ಪೀಡ್ ಕಂಟ್ರೋಲರ್, ಅಂದರೆ ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಸಾಧನ, ಕೆಟ್ಟಿದೆ. ಅದರಲ್ಲಿರುವುದು 540 ಗಾತ್ರದ, 27 ಟರ್ನಿನ ಬ್ರಷ್ ಮೋಟಾರು. ಇದುವರೆಗೆ 7.2 ವೋಲ್ಟಿನ ನಿಕಲ್ ಬ್ಯಾಟರಿ ಬಳಸುತ್ತಿದ್ದೆವು. ಇನ್ನು 2ಎಸ್ ಲಿಪೊ (ಎರಡು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ) ಹಾಕುವ ವಿಚಾರವಿದೆ. ಆನ್‌ಲೈನಿನಲ್ಲಿ 320 ಆಂಪಿಯರ್ ಎಂದು ಬರೆದ ಕಂಟ್ರೋಲರು 60 ಆಂಪಿಯರಿನದಕ್ಕಿಂತ ಅಗ್ಗವಾಗಿ ಸಿಗುತ್ತಿರುವುದು ಗೊಂದಲಕ್ಕೆ ಕಾರಣವಾಗಿದೆ. ಕಾರು ಓಡುವುದು ಮೈದಾನದಲ್ಲಿ, ಹಳ್ಳಿಗೆ ಹೋದಾಗ ಎರೆ ಹೊಲದಲ್ಲಿ. ಬಳಸಿದವರು ದಯವಿಟ್ಟು ತಿಳಿಸಬೇಕು.

ಉತ್ತರ, ಬೆಳಗಾವಿಯ ಉದ್ಯಮಬಾಗದಿಂದ

ಮೊದಲು ಆ 320 ಎಂಬ ಅಂಕಿಯನ್ನು ಲೆಕ್ಕದಿಂದ ಬಿಟ್ಟುಬಿಡಿ. ಅದು ಕಂಟ್ರೋಲರು ಕ್ಷಣಮಾತ್ರ ತಾಳಿಕೊಳ್ಳುವ ಗರಿಷ್ಠ ಕರೆಂಟಿನ ಅಂಕಿಯೇ ಹೊರತು ನಿರಂತರವಾಗಿ ಹರಿಸಬಲ್ಲ ಕರೆಂಟಿನದಲ್ಲ. ಹಾಬಿವಿಂಗ್ ಕಂಪನಿಯ ಕ್ವಿಕ್‌ರನ್ 1060 ಎಂಬ 60 ಆಂಪಿಯರಿನ ಕಂಟ್ರೋಲರಿನ ವಿವರದಲ್ಲಿ ಮುಂದಕ್ಕೆ ನಿರಂತರ 60, ಗರಿಷ್ಠ 360 ಎಂದು ಎರಡನ್ನೂ ಕೊಟ್ಟಿದ್ದಾರೆ. ಗರಿಷ್ಠಕ್ಕೆ ಗರಿಷ್ಠವನ್ನೇ ಹೋಲಿಸಿದರೆ 60ರದ್ದೇ ಮೇಲು. ಅದೇ ಕಂಟ್ರೋಲರಿಗೆ ಹಿಂದಕ್ಕೆ ಓಡುವಾಗಿನ ಮಿತಿ ಇದರ ಅರ್ಧ ಮಾತ್ರ ಎಂಬುದೂ ನೆನಪಿರಲಿ.

ಆಂಪಿಯರಿಗಿಂತಲೂ ನಾನು ನಂಬುವುದು ಟರ್ನ್ ಮಿತಿಯನ್ನು. ಮೋಟಾರಿನೊಳಗೆ ತಿರುಗುವ ಭಾಗವಾದ ಆರ್ಮೇಚರಿಗೆ ತಂತಿಯನ್ನು ಎಷ್ಟು ಸುತ್ತು ಸುತ್ತಿದ್ದಾರೆ ಎಂಬುದೇ ಟರ್ನ್. ನೀರಿನ ಪಂಪಿನ ಮೋಟಾರು ಕಟ್ಟುವ ವೈಂಡಿಂಗ್ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುತ್ತು ಕಡಿಮೆಯಾದಷ್ಟೂ ತಂತಿಯ ರೋಧ ಕಡಿಮೆಯಾಗುತ್ತದೆ, ವೇಗ ಹೆಚ್ಚುತ್ತದೆ, ಅದರ ಜೊತೆಗೇ ಕಂಟ್ರೋಲರಿನಿಂದ ಎಳೆಯುವ ಕರೆಂಟೂ ಹೆಚ್ಚುತ್ತದೆ. 1060ಕ್ಕೆ 2ಎಸ್ ಲಿಪೊದಲ್ಲಿ 12 ಟರ್ನ್ ಅಥವಾ ಅದಕ್ಕೆ ಮೇಲ್ಪಟ್ಟ, 3ಎಸ್‌ನಲ್ಲಿ 18 ಅಥವಾ ಅದಕ್ಕೆ ಮೇಲ್ಪಟ್ಟ ಮೋಟಾರು ಇರಬೇಕೆಂದು ತಯಾರಕರೇ ಹೇಳಿದ್ದಾರೆ. ನಿಮ್ಮ 27 ಟರ್ನಿಗೆ ಅದರಲ್ಲಿ ಸಾಕಷ್ಟು ಅಂತರ ಉಳಿಯುತ್ತದೆ. ಮುಂದೆ 21 ಟರ್ನಿನ ಮೋಟಾರು ಹಾಕಬೇಕೆನಿಸಿದರೂ ಕಂಟ್ರೋಲರ್ ಬದಲಿಸಬೇಕಾಗದು. ಟರ್ನ್ ಮಿತಿಯನ್ನೇ ಬರೆಯದ ಕಂಟ್ರೋಲರನ್ನು, ಬೆಲೆ ಎಷ್ಟೇ ಇಳಿದಿರಲಿ, ನಾನು ಕೊಳ್ಳುವುದಿಲ್ಲ.

ಲಿಪೊಗೆ ಹೋಗುವವರಿಗೆ ಇನ್ನೊಂದು ಮಾತು ಅತಿ ಮುಖ್ಯ. ನಿಕಲ್ ಬ್ಯಾಟರಿ ಸೋತಾಗ ಕಾರು ತಾನೇ ಮಂದವಾಗುತ್ತದೆ, ನಾವು ನಿಲ್ಲಿಸುತ್ತೇವೆ. ಲಿಪೊ ಹೆಚ್ಚುಕಡಿಮೆ ಕೊನೆಯವರೆಗೂ ಅದೇ ಜೋರಿನಲ್ಲಿ ಓಡಿಸುತ್ತದೆ, ಆದರೆ ಅದರ ಒಂದೊಂದು ಸೆಲ್ಲೂ 3 ವೋಲ್ಟಿಗಿಂತ ಕೆಳಗಿಳಿದರೆ ಕೆಡುತ್ತದೆ. ಆದ್ದರಿಂದ ವೋಲ್ಟೇಜ್ ಇಳಿದಾಗ ಮೋಟಾರನ್ನು ತಡೆಯುವ ಕಟ್-ಆಫ್ ಇರುವ ಕಂಟ್ರೋಲರನ್ನೇ ಆರಿಸಿ, ಬ್ಯಾಟರಿಯ ಬಗೆಯನ್ನು ಆರಿಸುವ ಅದರ ಜಂಪರನ್ನು (ಪಿನ್ನುಗಳ ಮೇಲೆ ಕೂರಿಸುವ ಚಿಕ್ಕ ತುಂಡು) ಲಿಪೊ ಸ್ಥಾನದಲ್ಲಿಟ್ಟಿರುವುದನ್ನು ಖಚಿತಪಡಿಸಿಕೊಳ್ಳಿ. 320 ಎಂದು ಮಾರುವ ಅಗ್ಗದ ಕಂಟ್ರೋಲರುಗಳಲ್ಲಿ ಸಾಮಾನ್ಯವಾಗಿ ಈ ಸೌಲಭ್ಯ ಇರುವುದಿಲ್ಲ. ಅವುಗಳಲ್ಲಿ ಉಳಿಸಿದ ಹಣ ಒಂದು ಬ್ಯಾಟರಿ ಹಾಳಾದರೆ ಹೋದಂತೆಯೇ.

ಉತ್ತರ, ಬಾಗಲಕೋಟೆ ಜಿಲ್ಲೆಯಿಂದ

ನಾನು ಓಡಿಸುವುದು ಬಗ್ಗಿಯನ್ನಲ್ಲ, ಗುಳೇದಗುಡ್ಡದ ಕಡೆಯ ಕಲ್ಲುಗಳನ್ನು ಹತ್ತುವ 55 ಟರ್ನಿನ ಕ್ರಾಲರನ್ನು. ಇಳಿಜಾರಿನಲ್ಲಿ ರಿಮೋಟಿನ ಟ್ರಿಗರ್ ಬಿಟ್ಟ ಕೂಡಲೇ ಗಾಡಿಯನ್ನು ಹಿಡಿದು ನಿಲ್ಲಿಸುವ ಡ್ರ್ಯಾಗ್ ಬ್ರೇಕ್ ನನಗೆ ಬೇಕು. ಅದರ ಬಲವನ್ನು ಹೆಚ್ಚುಕಡಿಮೆ ಮಾಡಲು ಬರುತ್ತದೆಂದು ಅದೇ ಕ್ವಿಕ್‌ರನ್ ಸಾಲಿನ 1080 ಆರಿಸಿಕೊಂಡೆ. ನಿಮ್ಮ ಬಗ್ಗಿಗೆ ಅದರ ಅಗತ್ಯವಿಲ್ಲ. ಮುಂದಕ್ಕೆ ಓಡುವಾಗ ಟ್ರಿಗರನ್ನು ಹಿಂದಕ್ಕೆ ತಳ್ಳಿದರೆ ಮೊದಲು ಬ್ರೇಕ್, ಆಮೇಲೆ ರಿವರ್ಸ್ ಎಂಬ ಕ್ರಮವೇ ಗೇರುಗಳಿಗೆ ಹಿತ.

ಉತ್ತರ, ವಿಜಯಪುರದ ಇನ್ನೊಬ್ಬರಿಂದ

ಬೆಳಗಾವಿಯವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ನಮ್ಮ ಊರಿನ ಬಿಸಿಲು ಮತ್ತು ಮಣ್ಣಿನ ವಿಷಯವನ್ನಷ್ಟೇ ಸೇರಿಸುತ್ತೇನೆ. ಬೇಸಿಗೆಯಲ್ಲಿ ನೆರಳಿನಲ್ಲೇ 40 ಡಿಗ್ರಿ ಇರುವಾಗ ಕಂಟ್ರೋಲರಿನ ಹೀಟ್ ಸಿಂಕಿಗೆ ತಂಪಾಗಲು ದಾರಿ ಕಡಿಮೆ, ಆದ್ದರಿಂದ ಕಾಗದದ ಮೇಲಿನ ಮಿತಿಯ ಅಂಚಿಗೆ ಹೋಗಬಾರದು. ಅದಕ್ಕಿಂತ ಗಂಡಾಂತರದ್ದು ಎರೆ ಮಣ್ಣು. ಒಂದು ಮಳೆ ಬಿದ್ದರೆ ಸಾಕು, ಅದು ಗಾಲಿಗಳಿಗೆ ಮೆತ್ತಿಕೊಂಡು ಮೋಟಾರು ತಿರುಗದೆ ನಿಂತುಬಿಡುತ್ತದೆ, ಆಗಲೂ ನಾವು ಟ್ರಿಗರ್ ಒತ್ತಿಯೇ ಇರುತ್ತೇವೆ. ತಿರುಗುವ ಮೋಟಾರು ತನ್ನೊಳಗೆ ಎದುರು ವೋಲ್ಟೇಜನ್ನು ಹುಟ್ಟಿಸಿ ಕರೆಂಟನ್ನು ತಡೆಯುತ್ತದೆ. ನಿಂತ ಮೋಟಾರಿನಲ್ಲಿ ಆ ತಡೆ ಇಲ್ಲವಾದ್ದರಿಂದ ಸಾಮಾನ್ಯ 27 ಟರ್ನಿನದೂ 60 ಆಂಪಿಯರಿನ ಆಸುಪಾಸಿಗೆ ಹೋಗಬಲ್ಲದು. ಗಾಡಿ ಸಿಕ್ಕಿಕೊಂಡರೆ ಟ್ರಿಗರ್ ಬಿಟ್ಟು ಕೈಯಿಂದಲೇ ಎತ್ತಿ. ಹೊಲದಲ್ಲಿ ಓಡಿಸುವ ದಿನ ಪಿನಿಯನ್ನನ್ನು (ಮೋಟಾರಿನ ಶಾಫ್ಟಿನ ಮೇಲಿರುವ ಚಿಕ್ಕ ಗೇರು) ಒಂದೆರಡು ಹಲ್ಲು ಚಿಕ್ಕದು ಹಾಕಿದರೆ ವೇಗ ತುಸು ತಗ್ಗುತ್ತದೆ, ಆದರೆ ಮೋಟಾರೂ ಕಂಟ್ರೋಲರೂ ಗಮನಾರ್ಹವಾಗಿ ತಂಪಾಗಿರುತ್ತವೆ. ಕಂಟ್ರೋಲರು ಫ್ಯಾನಿಲ್ಲದ ವಾಟರ್‌ಪ್ರೂಫ್ ಬಗೆಯದಾಗಿದ್ದರೆ ಒಳ್ಳೆಯದು, ಏಕೆಂದರೆ ಸಣ್ಣ ಫ್ಯಾನಿನೊಳಗೆ ನಮ್ಮ ಧೂಳು ಬೇಗ ತುಂಬಿಕೊಳ್ಳುತ್ತದೆ.

ಹಳೆಯ ಬಿಳಿ ಟಾಮಿಯಾ ಕನೆಕ್ಟರನ್ನು ಲಿಪೊದೊಂದಿಗೆ ಮುಂದುವರಿಸಬೇಡಿ. ಅದು ಹೆಚ್ಚು ಕರೆಂಟಿಗೆ ಕಾದು ಕರಗುತ್ತದೆ. ಎಕ್ಸ್‌ಟಿ60 ಅಥವಾ ಟಿ ಕನೆಕ್ಟರನ್ನು ಬೆಸುಗೆ ಹಾಕಿಸಿ. ಮೋಟಾರಿನ ಮೇಲಿರುವ ಮೂರು ಚಿಕ್ಕ ಕೆಪಾಸಿಟರುಗಳು ಬ್ರಷ್ಷಿನ ಕಿಡಿಯಿಂದ ಹುಟ್ಟುವ ರೇಡಿಯೋ ಗದ್ದಲವನ್ನು ತಗ್ಗಿಸುತ್ತವೆ, ಅವು ಇರಲಿ. ಆದರೆ ಅಲ್ಲಿ ಬೆಳ್ಳಿ ಗೆರೆಯ ಶಾಟ್ಕಿ ಡಯೋಡೊಂದು ಇದ್ದರೆ ಅದನ್ನು ತೆಗೆದುಹಾಕಲೇಬೇಕು: ರಿವರ್ಸ್ ಕೊಟ್ಟಾಗ ಧ್ರುವ ಅದಲುಬದಲಾಗಿ ಕರೆಂಟೆಲ್ಲ ಆ ಡಯೋಡಿನ ಮೂಲಕವೇ ಹರಿದು ಕಂಟ್ರೋಲರು ಸುಡುತ್ತದೆ. ಮುಂದಕ್ಕೆ ಮಾತ್ರ ಓಡುವ ರೇಸಿನ ಕಾರುಗಳಿಗೆ ಮಾತ್ರ ಅದು ಸಲ್ಲುತ್ತದೆ.

ಹೊಸದನ್ನು ಜೋಡಿಸಿದ ಮೇಲೆ ಗಾಲಿಗಳು ನೆಲಕ್ಕೆ ತಾಗದಂತೆ ಕಾರನ್ನು ಡಬ್ಬಿಯ ಮೇಲಿಟ್ಟು, ಮೊದಲು ಟ್ರಾನ್ಸ್‌ಮಿಟರ್, ಆಮೇಲೆ ಕಂಟ್ರೋಲರ್ ಚಾಲೂ ಮಾಡಿ. ಟ್ರಿಗರ್ ಬಿಟ್ಟ ಸ್ಥಿತಿ, ಪೂರ್ಣ ಮುಂದು, ಪೂರ್ಣ ಹಿಂದು ಈ ಮೂರನ್ನೂ ಅದರ ಕೈಪಿಡಿಯಲ್ಲಿ ಹೇಳಿರುವ ಕ್ರಮದಲ್ಲಿ ಹೊಂದಿಸಿದ ನಂತರವೇ ನೆಲಕ್ಕೆ ಬಿಡಿ.